ಮನೆಗಾಡಿ ಹೋಯಿತು, ಹೊಣೆ ನನ್ನ ಹೆಸರಿನಲ್ಲೇ ಉಳಿಯಿತು

ಮಾನ್ಯ ಸಂಪಾದಕರೇ,

ಹನ್ನೊಂದು ವರ್ಷ ನಮ್ಮ ಮನೆಮಂದಿಯೆಲ್ಲ ಸುತ್ತಾಡಿದ ಟೆಂಪೊ ಟ್ರಾವೆಲರ್ ಅನ್ನು ಕಳೆದ ವರ್ಷ ಹಾಸನಾಂಬೆಯ ಬಾಗಿಲು ತೆಗೆಯುವ ಹೊತ್ತಿಗೆ ಮಾರಿದೆವು. ಸೀಟುಗಳನ್ನು ತೆಗೆಸಿ ಎರಡು ಮಂಚ, ಗ್ಯಾಸ್ ಒಲೆ, ಪಾತ್ರೆ ತೊಳೆಯಲು ಸಣ್ಣ ಸಿಂಕ್ ಕೂರಿಸಿದ್ದ ಗಾಡಿ ಅದು. ಅನುಮತಿ ಪಡೆದು ಆರ್‌ಸಿಯಲ್ಲೂ ಬದಲಾವಣೆ ಬರೆಸಿದ್ದೆವು. ಶಿರಾಡಿ ಘಾಟಿಯ ತಿರುವುಗಳಲ್ಲಿ ಕಪಾಟಿನ ಬಾಗಿಲು ತೆರೆದು ಸಕ್ಕರೆ ಡಬ್ಬಿ ಉರುಳುತ್ತದೆಂದು ನಮ್ಮ ಅತ್ತೆಯವರು ಎರಡೂ ಹಿಡಿಕೆಗಳನ್ನು ಲಂಗದ ಲಾಡಿಯಿಂದ ಬಿಗಿದಿದ್ದರು. ಅವರು ತೀರಿಕೊಂಡು ಮೂರು ವರ್ಷವಾಗಿದ್ದರೂ ಆ ಗಂಟು ಬಿಚ್ಚಲು ಯಾರಿಗೂ ಮನಸ್ಸು ಬಂದಿರಲಿಲ್ಲ. ಗಂಟಿನ ಸಮೇತವೇ ಗಾಡಿ ಕೊಟ್ಟೆವು.

ಇಂಥ ಗಾಡಿಗೆ ಊರಿನಲ್ಲಿ ಗಿರಾಕಿ ಸಿಗುವುದು ಕಷ್ಟ. ದಲ್ಲಾಳಿಯೊಬ್ಬರು ಕರಾವಳಿ ಕಡೆಯವರನ್ನು ಕರೆತಂದರು. ಹಣ ಪೂರ್ತಿ ಬಂತು, ಅದರಲ್ಲಿ ದೂರಿಲ್ಲ. ‘ವಾರದೊಳಗೆ ಹೆಸರು ಬದಲಾಯಿಸಿಕೊಳ್ಳುತ್ತೇವೆ’ ಎಂದ ಮಾತು ನಂಬಿ, ಕೊಂಡವರ ಹೆಸರಿನ ಜಾಗ ಖಾಲಿ ಇರುವಾಗಲೇ ಮಾಲೀಕತ್ವ ವರ್ಗಾವಣೆಯ 29 ಮತ್ತು 30ನೇ ನಮೂನೆಗಳಿಗೆ ಸಹಿ ಹಾಕಿದೆ. ಅದೇ ತಪ್ಪಾಯಿತು.

ಸಂಕ್ರಾಂತಿ ಕಳೆದ ಮೇಲೆ ನನ್ನ ಮೊಬೈಲಿಗೆ ದಂಡದ ಸಂದೇಶಗಳು ಬರತೊಡಗಿದವು. ಯುಗಾದಿಯ ದಿನ ಹೋಳಿಗೆಗೆ ಬೇಳೆ ಬೇಯಲು ಇಟ್ಟಿದ್ದೆ, ಪೊಲೀಸ್ ಠಾಣೆಯಿಂದ ಕರೆ: ‘ನಿಮ್ಮ ಗಾಡಿ ಸ್ಕೂಟರಿಗೆ ತಾಗಿದೆ, ಓಡಿಸುತ್ತಿದ್ದವರು ಯಾರು?’ ಒಲೆ ಆರಿಸಿ ಕುಳಿತುಬಿಟ್ಟೆ. ಸವಾರನಿಗೆ ತರಚು ಗಾಯವಷ್ಟೇ ಎಂದು ತಿಳಿಯುವವರೆಗೆ ಕೈಕಾಲು ಆಡಲಿಲ್ಲ. ಕೊಂಡವರ ಫೋನ್ ಸ್ವಿಚ್ ಆಫ್. ‘ನಾನು ತೋರಿಸಿದವನು ಮಾತ್ರ’ ಎಂದು ದಲ್ಲಾಳಿ ಕೈ ತೊಳೆದುಕೊಂಡರು.

1988ರ ಮೋಟಾರು ವಾಹನ ಕಾಯ್ದೆಯ 50ನೇ ಸೆಕ್ಷನ್ ಪ್ರಕಾರ, ರಾಜ್ಯದೊಳಗೆ ಮಾರಿದವರು 14 ದಿನಗಳಲ್ಲಿ ಆರ್‌ಟಿಒಗೆ ತಿಳಿಸಬೇಕು. ಕೊಂಡವರಿಗೆ 30 ದಿನ. ಹೆಸರು ಬದಲಾಗುವವರೆಗೆ ದಾಖಲೆಯಲ್ಲಿರುವವರೇ ಮಾಲೀಕರು, ಅಪಘಾತದ ಪರಿಹಾರಕ್ಕೂ ಅವರೇ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲೇ ಹೇಳಿದೆ. ವಿಮೆ ತಪ್ಪಿಹೋದ ಗಾಡಿಯಾದರೆ ಮಾರಿದವರ ಮನೆ ಮಠ ಉಳಿದೀತೇ? 2023ರ ಏಪ್ರಿಲ್ 1ರಿಂದ ಆರ್‌ಟಿಒ ಅಧಿಕಾರಪತ್ರ ಪಡೆದ ಹಳೆ ಗಾಡಿ ಡೀಲರ್‌ಗಳಿಗೆ ಗಾಡಿ ಒಪ್ಪಿಸಿ, ಅದನ್ನು ತಿಳಿಸುವ 29ಸಿ ನಮೂನೆ ಸಲ್ಲಿಸಿದರೆ ಅಲ್ಲಿಂದಾಚೆಗೆ ಡೀಲರ್ ಜವಾಬ್ದಾರಿ. ಆದರೆ ಸಂತೆಯಲ್ಲಿ ಎತ್ತು ಮಾರಿಸಿದಂತೆ ಗಾಡಿ ಮಾರಿಸುವ ದಲ್ಲಾಳಿಗಳಿಗೆ ಆ ಅಧಿಕಾರಪತ್ರ ಇರುವುದಿಲ್ಲ. ನಾನು ಕೇಳಲೂ ಇಲ್ಲ.

ಸಾರಿಗೆ ಇಲಾಖೆಯಲ್ಲಿ ನನ್ನ ಕೋರಿಕೆ ಒಂದೇ. ಮಾರಿದವರು ಒಬ್ಬರೇ ಬಂದು ಗಾಡಿ ಒಪ್ಪಿಸಿದ ಪತ್ರ, ಕೊಂಡವರ ಗುರುತಿನ ಚೀಟಿಯ ನಕಲು, ಹಣ ಸಂದ ಬ್ಯಾಂಕ್ ದಾಖಲೆ ಕೊಟ್ಟರೆ, ಅಂದೇ ಆ ಗಾಡಿಯ ದಾಖಲೆಯಲ್ಲಿ ‘ಮಾರಾಟವಾಗಿದೆ’ ಎಂದು ಕಾಣುವಂತೆ ಮಾಡಲಿ. ಕೊಂಡವರಿಗೂ ಗಡುವಿನ ಎಚ್ಚರಿಕೆ ಸಂದೇಶ ಹೋಗಲಿ. ಊರೂರು ಸುತ್ತಿದ ಗಾಡಿಯನ್ನು ವಯಸ್ಸಾದ ಮೇಲೆ ಮಾರುವ ನನ್ನಂಥವರು ಹಳ್ಳಿಗಳಲ್ಲೂ ಇದ್ದಾರೆ. ಖಾಲಿ ನಮೂನೆಗೆ ಸಹಿ ಹಾಕಬೇಡಿ, ಆರ್‌ಟಿಒ ಕಚೇರಿಗೆ ಕೊಂಡವರ ಜೊತೆಯಲ್ಲೇ ಹೋಗಿ ಎಂದು ಅವರನ್ನು ಕೈಮುಗಿದು ಕೇಳಿಕೊಳ್ಳುತ್ತೇನೆ.

ನಮ್ಮ ಗಾಡಿ ಕೊಂಡವರು ಈ ಪತ್ರ ಓದಿದರೆ ದಯವಿಟ್ಟು ಕರೆ ಮಾಡಿ. ಯಾವ ದಿನ ಹೇಳಿದರೂ ಬಂದು ಸಹಿ ಹಾಕುತ್ತೇನೆ.

— ನಿವೃತ್ತ ಪ್ರೌಢಶಾಲಾ ಶಿಕ್ಷಕಿ, ವಿದ್ಯಾನಗರ, ಹಾಸನ