ಶಿವರಾತ್ರಿಯೊಳಗೆ ಆಗಬೇಕಾದ ಕೆಲಸ

ಸಾಗರ

ಪ್ರಿಯ ಗೆಳೆಯ,

ನಿನ್ನ ತಂಗಿ ಬೆಂಗಳೂರಿನ ನೌಕರಿ ಬಿಟ್ಟು ತೀರ್ಥಹಳ್ಳಿಯ ಮನೆಯಲ್ಲೇ ಮಿಡಿ ಉಪ್ಪಿನಕಾಯಿಯ ವ್ಯಾಪಾರ ಆರಂಭಿಸಲು ಹೊರಟಿದ್ದಾಳೆಂದೂ, ನಾಲ್ಕು ವರ್ಷಗಳಿಂದ ಅದೇ ಕೆಲಸದಲ್ಲಿರುವ ನಾನು ಅವಳಿಗೆ ಧೈರ್ಯ ಹೇಳಬೇಕೆಂದೂ ಬರೆದಿದ್ದೀಯ. ಧೈರ್ಯ ಅವಳಲ್ಲಿ ಬೇಕಾದಷ್ಟಿರುವುದು ನಿನ್ನ ಪತ್ರದಿಂದಲೇ ತಿಳಿಯುತ್ತದೆ. ಆದ್ದರಿಂದ ಹೇಳಬೇಕಾದದ್ದನ್ನು ಅವಳಿಗಲ್ಲ, ನಿನಗೇ ಹೇಳುತ್ತಿದ್ದೇನೆ.

ಅಪ್ಪೆಮಿಡಿಯ, ಅಂದರೆ ಉಪ್ಪಿನಕಾಯಿಗೆ ಹಾಕುವ ಪರಿಮಳದ ಎಳೆ ಮಾವಿನಕಾಯಿಯ ವ್ಯಾಪಾರದಲ್ಲಿ ವರ್ಷದ ಬಂಡವಾಳವೆಲ್ಲ ಕೆಲವೇ ವಾರಗಳಲ್ಲಿ ಕೈಬಿಟ್ಟು ಹೋಗುತ್ತದೆ. ಶಿವರಾತ್ರಿಯ ಆಸುಪಾಸಿನಲ್ಲಿ ರಿಪ್ಪನ್‌ಪೇಟೆಯ ಮಾರುಕಟ್ಟೆಗೆ ಮಿಡಿ ಬರತೊಡಗಿತೆಂದರೆ, ತೊಟ್ಟು ಮುರಿಯದ, ಸೊನೆ ಆರದ ಕಾಯಿಯನ್ನು ಅಂದೇ ಎಣಿಸಿ, ಅಂದೇ ಹಣ ಕೊಟ್ಟು ತರಬೇಕು. ಗೊರಟು ಬಲಿತ ಮೇಲೆ ಅದು ಮಿಡಿಯೇ ಅಲ್ಲ. ಆ ಮಿಡಿ ಉಪ್ಪಿನಲ್ಲಿ ಚಿರುಟಿ, ಸಾಸಿವೆ ಮೆಣಸಿನ ಹೊರಣ ಕೂಡಿ, ಡಬ್ಬಿ ಸೇರಿ, ಮತ್ತೆ ಹಣವಾಗಿ ಮರಳುವುದು ಮಾತ್ರ ವರ್ಷವಿಡೀ ಚೂರುಚೂರಾಗಿ. ಮೊದಲ ವರ್ಷ ನಾನು ಡಿಸೆಂಬರಿನಲ್ಲಿ ಕೇಳಿದ ಸಾಲ ಮಂಜೂರಾದದ್ದು ಜೂನ್‌ನಲ್ಲಿ. ಅಷ್ಟರಲ್ಲಿ ಮಳೆ ಹಿಡಿದು, ಮರದಲ್ಲಿ ಉಳಿದ ಕಾಯಿ ಹಣ್ಣಾಗಿ ಉದುರಿತ್ತು. ಆ ವರ್ಷದ ಮಿಡಿಯನ್ನು ಅಮ್ಮನ ಬಳೆ ಅಡವಿಟ್ಟೇ ಕೊಂಡಿದ್ದೆ.

ಸಣ್ಣ ವ್ಯಾಪಾರಕ್ಕೆ ಸಾಲ ಕೊಡಿಸುವ ಮುದ್ರಾ ಯೋಜನೆಯ ‘ಶಿಶು’ ಸಾಲಕ್ಕೆ, ಅಂದರೆ 50,000 ರೂಪಾಯಿಯವರೆಗೆ, ಅಡಮಾನ ಬೇಕಿಲ್ಲವೆಂಬುದು ನಿಯಮ. ಆದರೂ ನಾನು ಹೋದ ಶಾಖೆಯಲ್ಲಿ ಮೊದಲು ಕೇಳಿದ್ದು ಅಪ್ಪನ ಹೆಸರಿನ ಪಹಣಿಯನ್ನು, ಆಮೇಲೆ ಕೇಳಿದ್ದು ‘ಮದುವೆಯಾಗಿ ಹೋದರೆ ಇದನ್ನು ಯಾರು ನೋಡಿಕೊಳ್ಳುತ್ತಾರೆ?’ ಎಂದು. ಅಡಿಕೆ ಸುಲಿಯುವ ಯಂತ್ರಕ್ಕೆ ಅಲ್ಲೇ ಸಾಲ ಪಡೆದ ಪಕ್ಕದೂರಿನ ಹುಡುಗನಿಗೆ ಮದುವೆಯ ವಿಚಾರವನ್ನು ಯಾರೂ ಎತ್ತಿರಲಿಲ್ಲವಂತೆ. ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಸಮಪಾಲೆಂಬ ಕಾನೂನು ಕರ್ನಾಟಕದಲ್ಲಿ 1994ರಲ್ಲೇ ಬಂದಿತು, ದೇಶಕ್ಕೆಲ್ಲ 2005ರಲ್ಲಿ ಬಂದಿತು. ಆದರೆ ನಮ್ಮ ಸೀಮೆಯಲ್ಲಿ ಹೆಣ್ಣುಮಕ್ಕಳು ಆಸ್ತಿಪತ್ರಕ್ಕೆ ರುಜು ಹಾಕುವುದು ಬಹುಪಾಲು ಹಕ್ಕು ಖುಲಾಸೆ ಮಾಡಿಕೊಡುವ, ಅಂದರೆ ತಮ್ಮ ಪಾಲನ್ನು ಬಿಟ್ಟುಕೊಡುವ ದಿನ ಮಾತ್ರ. (ಗಾಬರಿಯಾಗಬೇಡ, ತೋಟ ಪಾಲು ಮಾಡು ಎನ್ನುತ್ತಿಲ್ಲ.)

ಮನೆಯೊಳಗಿನ ಇನ್ನೊಂದು ಸಂಗತಿಯನ್ನು ಸಂಕೋಚವಿಲ್ಲದೆ ಬರೆಯುತ್ತೇನೆ. ಮುಟ್ಟಾದ ಮೂರು ದಿನ ಉಪ್ಪಿನಕಾಯಿಯ ಭರಣಿಯ ಹತ್ತಿರ ಸುಳಿಯಬಾರದೆಂಬುದು ನಮ್ಮಜ್ಜಿಯ ಕಟ್ಟಳೆಯಾಗಿತ್ತು. ಮಿಡಿ ಬಂದಿಳಿದ ವಾರದಲ್ಲೇ ಆ ದಿನಗಳು ಬಂದು, ಎರಡು ಚೀಲ ಕಾಯಿ ಜಗಲಿಯಲ್ಲೇ ಬಾಡಿದವು. ಅಜ್ಜಿಯೊಡನೆ ವಾದಿಸಿ ಗೆಲ್ಲಲಾಗಲಿಲ್ಲ, ಗೆಲ್ಲುವ ಆಸೆಯೂ ನನಗಿರಲಿಲ್ಲ. ಕೊಟ್ಟಿಗೆಯ ಆಚೆಗಿದ್ದ ಹಳೆಯ ಅಡಿಕೆ ಕೋಣೆಗೆ ಸುಣ್ಣ ಬಳಿದು, ಜಾಡಿಗಳನ್ನೆಲ್ಲ ಅಲ್ಲಿಗೆ ಸಾಗಿಸಿದೆ. ಅದು ಮನೆಯಲ್ಲ, ಕಾರ್ಖಾನೆ ಎಂದು ಅಜ್ಜಿಯೇ ಒಪ್ಪಿಕೊಂಡು, ಹೊರಣದ ಉಪ್ಪು ನೋಡಲು ತಾನೇ ಬರತೊಡಗಿದಳು.

ಆ ಕೋಣೆಯನ್ನು ಅಪ್ಪ ನನಗೆ ಬಾಡಿಗೆಗೆ ಕೊಟ್ಟಂತೆ ಛಾಪಾ ಕಾಗದದ ಮೇಲೆ ಕರಾರು ಮಾಡಿಕೊಟ್ಟ ನಂತರವೇ ನನ್ನ ಹೆಸರಿಗೊಂದು ವಿಳಾಸ ಹುಟ್ಟಿತು. ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ನೋಂದಣಿಗೆ, ಪಂಚಾಯಿತಿಯ ಪರವಾನಗಿಗೆ, ಕರೆಂಟಿನ ಮೀಟರಿಗೆ ಅದೇ ಕಾಗದವನ್ನು ಲಗತ್ತಿಸಿದೆ. ಸಣ್ಣ ಉದ್ದಿಮೆಗಳಿಗಾಗಿ ಇರುವ ‘ಉದ್ಯಮ್’ ನೋಂದಣಿ ಉಚಿತ. ಅದಕ್ಕೆ ಸಾವಿರ ರೂಪಾಯಿ ಕೇಳುವ ಸೈಬರ್ ಅಂಗಡಿಗೆ ನಿನ್ನ ತಂಗಿ ಹೋಗದಿರಲಿ. ಸ್ವಂತ ಉದ್ಯೋಗಕ್ಕೆ ಸಾಲ, ಸಹಾಯಧನ ಕೊಡುವ ಕೇಂದ್ರದ ಯೋಜನೆ ಪಿಎಂಇಜಿಪಿಯಲ್ಲಿ ಹಳ್ಳಿಯ ಮಹಿಳೆಗೆ ಯೋಜನಾ ವೆಚ್ಚದ ಶೇ. 35 ಸಹಾಯಧನವಿದೆ, ಸ್ವಂತ ಪಾಲು ಶೇ. 5 ಸಾಕು, ಆದರೆ ಸಹಾಯಧನ ಕೈಗೆ ಬರದೆ ಮೂರು ವರ್ಷ ಠೇವಣಿಯಾಗಿ ಬ್ಯಾಂಕಿನಲ್ಲೇ ಕೂರುತ್ತದೆಯಾದ್ದರಿಂದ, ಅದನ್ನು ನಂಬಿ ಮಿಡಿಗೆ ಮುಂಗಡ ಕೊಡುವಂತಿಲ್ಲ.

ಮಾರಾಟದ ಕಷ್ಟಗಳನ್ನು ಅವಳೇ ಕಂಡುಕೊಳ್ಳುತ್ತಾಳೆ. ಸರ್ಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೆಟ್ಟಿನ ಹಣವಿಲ್ಲ, ನಿಜ. ಆದರೆ ನಮ್ಮೂರಿಗೆ ಬರುವುದು ಖಾಸಗಿ ಬಸ್ಸು. ‘ಲೆಕ್ಕವನ್ನು ನಿಮ್ಮ ತಂದೆಯವರ ಹತ್ತಿರ ಚುಕ್ತಾ ಮಾಡುತ್ತೇನೆ’ ಎನ್ನುವ ಅಂಗಡಿಯವರಿಗೆ ನಾನು ಎರಡನೆಯ ಸಲ ಡಬ್ಬಿ ಕೊಡುವುದಿಲ್ಲ.

ನಿಮ್ಮ ಮನೆಯ ಹಿಂದೆ ಬಾಗಿಲು ಮುಚ್ಚಿಕೊಂಡಿರುವ ಆ ಹಂಚಿನ ಕೋಣೆ ನನಗೆ ನೆನಪಿದೆ. ಅದರಲ್ಲಿರುವ ನಿನ್ನ ಹಳೆಯ ಬೈಕನ್ನು ಹೊರಗೆ ತೆಗೆಸಿ, ಶಿವರಾತ್ರಿಯೊಳಗೆ ನಿಮ್ಮ ತಂದೆಯವರಿಂದ ಅವಳ ಹೆಸರಿಗೆ ಕರಾರು ಬರೆಸಿಕೊಡು. ನನ್ನ ಕರಾರಿನ ನಕಲನ್ನು ಇದರೊಂದಿಗೆ ಕಳುಹಿಸಿದ್ದೇನೆ. ಹೆಸರು, ಚಕ್ಕುಬಂದಿ (ನಾಲ್ಕು ದಿಕ್ಕಿನ ಗಡಿ), ತಾರೀಖು ಬದಲಿಸಿದರೆ ಸಾಕು.

ನಿನ್ನ ಗೆಳತಿ