ಈಚಲು ಹುಳು: ವೈಪರ್ ಒತ್ತುವ ಮುನ್ನ

ಸಂಪಾದಕರಿಗೆ,

ಮಾನ್ಯರೇ,

ರೋಹಿಣಿ, ಮೃಗಶಿರಾ ಮಳೆ ಶುರುವಾದರೆ ಘಟ್ಟದ ಕಡೆ ಪ್ರವಾಸಿಗರೂ ಹೊರಡುತ್ತಾರೆ, ಹುತ್ತದಿಂದ ಈಚಲು ಹುಳುಗಳೂ ಏಳುತ್ತವೆ. ಹಗಲೆಲ್ಲ ಸೆಕೆ, ಮಧ್ಯಾಹ್ನ ಒಂದು ಜೋರು ಮಳೆ, ಸಂಜೆ ಎಲೆಯೂ ಅಲುಗದಂತೆ ಗಾಳಿ ನಿಂತಿದ್ದರೆ ಅವತ್ತು ಹುಳು ಏಳುತ್ತದೆಂದೇ ಲೆಕ್ಕ. ರೆಕ್ಕೆ ಬಂದ ಈ ಗೆದ್ದಲು ಕಚ್ಚುವುದಿಲ್ಲ, ಕುಟುಕುವುದಿಲ್ಲ. ಜೋಡಿ ಹುಡುಕಿ, ರೆಕ್ಕೆ ಕಳಚಿ, ಮಣ್ಣು ಸೇರುವ ಅವಸರ ಅದಕ್ಕೆ. ಒಂದು ಕಡೆ ಈ ಗಲಾಟೆ ಸಾಮಾನ್ಯವಾಗಿ ಅರ್ಧ, ಮುಕ್ಕಾಲು ಗಂಟೆ. ಹುಳು ನಿರುಪದ್ರವಿಯೇ, ಅಪಾಯವಿರುವುದು ನಮ್ಮ ಅವಸರದಲ್ಲಿ.

ಬೈಕಿನವರಿಗೆ ಕಷ್ಟ ಜಾಸ್ತಿ. ಹೆಲ್ಮೆಟ್ಟಿನ ಗಾಜು ಪೂರ್ತಿ ಇಳಿದಿರಬೇಕು. ರಾತ್ರಿಗೆ ಕಪ್ಪು ಗಾಜು ಬೇಡವೇ ಬೇಡ. ವೇಗ ಮೂವತ್ತು, ನಲವತ್ತಕ್ಕೆ ಇಳಿಸಿ. ಬೀದಿದೀಪವಿರುವ ಸೇತುವೆ, ಟೋಲ್, ಬಂಕಿನ ಮುಂದೆ ಹುಳು ರಾಶಿ ಬಿದ್ದು ಚಕ್ರಕ್ಕೆ ಅರೆಯುತ್ತದೆ. ಅದರ ಮೈಯಲ್ಲಿ ಕೊಬ್ಬು ಹೆಚ್ಚು, ಜತೆಗೆ ರಸ್ತೆ ಒದ್ದೆ. ಅಲ್ಲಿ ಗಕ್ಕನೆ ಮುಂದಿನ ಬ್ರೇಕ್ ಹಿಡಿದರೆ ಜಾರುತ್ತದೆ. ಹುಳು ತಿನ್ನಲು ಕಪ್ಪೆಗಳೂ ರಸ್ತೆಗೆ ಬಂದಿರುತ್ತವೆ, ಕಪ್ಪೆ ಇದ್ದಲ್ಲಿ ಹಾವೂ ಬರಬಹುದು. ಆದ್ದರಿಂದ ಗಾಡಿ ನಿಲ್ಲಿಸಿ ಕಾಲಿಡುವ ಮೊದಲು ಟಾರ್ಚ್ ಹಾಕಿ. ಕಣ್ಣಿಗೆ ಹುಳು ಬಿದ್ದರೆ ಉಜ್ಜಬೇಡಿ, ಬದಿಗೆ ನಿಂತು ಶುದ್ಧ ನೀರು ಹಾಯಿಸಿ. ಕಿವಿಗೆ ಹೊಕ್ಕರೆ ಪಿನ್ನು, ಕಡ್ಡಿ ಹಾಕುವುದು ಬೇಡ. ತಮಟೆಗೆ ಪೆಟ್ಟಾದೀತು, ವೈದ್ಯರ ಬಳಿ ಹೋಗಿ.

ಕಾರಿನವರ ಮೊದಲ ತಪ್ಪು ಒಣ ವೈಪರ್ ಒತ್ತುವುದು. ನಾಲ್ಕು ಹುಳು ಇದ್ದದ್ದು ಗಾಜಿನ ತುಂಬ ಜಿಡ್ಡಿನ ಪೊರೆಯಾಗಿ, ಎದುರು ಗಾಡಿಯ ಬೆಳಕು ಬಿದ್ದೊಡನೆ ಏನೂ ಕಾಣದಂತಾಗುತ್ತದೆ. ಹೊರಡುವ ಮೊದಲೇ ವಾಷರ್ ಟ್ಯಾಂಕ್ ತುಂಬಿಸಿ. ಹುಳು ಬಡಿದರೆ ಮೊದಲು ನೀರು ಚಿಮ್ಮಿಸಿ, ಆಮೇಲೆ ವೈಪರ್. ಒಂದು ಲೀಟರ್ ಬಾಟಲಿ ನೀರಿಗೆ ನಾಲ್ಕೈದು ಹನಿ ಶಾಂಪೂ ಬೆರೆಸಿ ಇಟ್ಟುಕೊಂಡರೆ, ಒದ್ದೆ ಬಟ್ಟೆಯನ್ನು ಗಾಜಿನ ಮೇಲೆ ಎರಡು ಮೂರು ನಿಮಿಷ ಹಾಸಿ ಒರೆಸಬಹುದು. ಹೆಲ್ಮೆಟ್ ಗಾಜಿಗೂ ಇದೇ ಉಪಾಯ. ಪೆಟ್ರೋಲ್, ಸೀಮೆಎಣ್ಣೆ ಹಚ್ಚಿದರೆ ಆ ಪ್ಲಾಸ್ಟಿಕ್ ಮಂಜಾಗುತ್ತದೆ. ಬಾಗಿಲು ತೆರೆಯುವ ಮೊದಲು ಒಳಗಿನ ದೀಪ ಆರಿಸಿ. ಬೆಳಿಗ್ಗೆ ರೇಡಿಯೇಟರ್ ಮುಂದಿನ ಜಾಲರಿ ನೋಡಿ, ಅಂಟಿದ್ದನ್ನು ಮೆತ್ತನೆ ಬ್ರಶ್ಶಿನಿಂದ ತೆಗೆಯಿರಿ.

ತಂಗುವ ಕೋಣೆಯಲ್ಲಿ ಹುಳು ಕಂಡ ಕೂಡಲೇ ಸ್ಪ್ರೇ ಹೊಡೆಯುವವರಿದ್ದಾರೆ. ಮುಚ್ಚಿದ ಕೋಣೆಯಲ್ಲಿ ಆ ಗಾಳಿ ಕುಡಿದು ಮಲಗುವುದು ನಾವೇ. ಕೋಣೆಯ ದೀಪ ಆರಿಸಿ, ಜಗಲಿಯ ಒಂದು ದೀಪ ಉಳಿಸಿ, ಅದರ ಕೆಳಗೆ ಅಗಲವಾದ ಬೇಸಿನ್ನಿನಲ್ಲಿ ಎರಡು ಬೆರಳು ನೀರು, ಚೂರು ಸೋಪು ಕದಡಿ ಇಡಿ. ನೀರಿನ ಹೊಳಪಿಗೆ ಬಂದ ಹುಳು ಮತ್ತೆ ಏಳುವುದಿಲ್ಲ. ಬಾಗಿಲ ಸಂದಿಗೆ ಒದ್ದೆ ಟವಲ್. ಉದುರಿದ ರೆಕ್ಕೆ ಗುಡಿಸುವ ಮೊದಲು ಫ್ಯಾನ್ ನಿಲ್ಲಿಸಿ, ಒದ್ದೆ ಬಟ್ಟೆಯಲ್ಲಿ ಬಳಿಯಿರಿ. ಇಲ್ಲದಿದ್ದರೆ ರೆಕ್ಕೆ ಹಾಸಿಗೆಯ ಮೇಲೆ, ಊಟದ ತಟ್ಟೆಯಲ್ಲಿ. (ನಮ್ಮಲ್ಲಿ ಹುಳುವನ್ನೇ ಹುರಿದು ತಿನ್ನುವವರಿದ್ದಾರೆ, ತಟ್ಟೆಗೆ ಬಿದ್ದ ಒಂದು ರೆಕ್ಕೆಗೆ ಹೋಟೆಲಿನವರ ಮೇಲೆ ರೇಗುವುದು ಅತಿಯಾಯಿತು.)

ಹೆದ್ದಾರಿಯ ಹೋಟೆಲು, ಬಂಕುಗಳ ಮಾಲೀಕರಲ್ಲಿ ಒಂದು ವಿನಂತಿ. ಹುಳುಗಳನ್ನು ಹೆಚ್ಚು ಸೆಳೆಯುವುದು ನೀಲಿ ಬೆರೆತ ಬಿಳಿ ಬೆಳಕು. 6500 ಕೆಲ್ವಿನ್ (ಬೆಳಕಿನ ಬಣ್ಣದ ಅಳತೆ) ಬಲ್ಬುಗಳ ಬದಲು 2700 ಅಥವಾ 3000 ಕೆಲ್ವಿನ್‌ನ ಹಳದಿ ಬಲ್ಬು ಹಾಕಿದರೆ ಕಾಟ ಕಡಿಮೆಯಾಗುತ್ತದೆ. ಬಲ್ಬಿನ ಪೆಟ್ಟಿಗೆಯ ಮೇಲೆ ಈ ಅಂಕಿ ಇರುತ್ತದೆ. ಫಲಕದ ದೊಡ್ಡ ದೀಪಗಳನ್ನು ಹುಳು ಎದ್ದ ಸಂಜೆ ಅರ್ಧ ಗಂಟೆ ಆರಿಸಿದರೂ ಸಾಕು. ರಾತ್ರಿ ಬಸ್ಸಿನ ಕಂಡಕ್ಟರುಗಳೂ ನಿಲ್ದಾಣದಲ್ಲಿ ಬಾಗಿಲು ತೆರೆಯುವ ಮುನ್ನ ಒಳದೀಪ ತಗ್ಗಿಸಿ, ಜನ ಹತ್ತಿದ ಮೇಲೆ ಹಾಕಬಹುದು. ಮೆಟ್ಟಿಲ ದೀಪ ಮಾತ್ರ ಉರಿಯುತ್ತಿರಲಿ, ವಯಸ್ಸಾದವರು ಎಡವುತ್ತಾರೆ.

ಇತಿ,
ಓದುಗರೊಬ್ಬರು, ತೀರ್ಥಹಳ್ಳಿ