ರದ್ದು ಮಾಡಲು ಒಂದು ಫಾರಂ ಸಾಕು

ಮಾನ್ಯ ಸಂಪಾದಕರೇ,

ಇತ್ತೀಚೆಗೆ ನಿಮ್ಮ ಓದುಗರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಅಮೆರಿಕದವರು ಬಿಟ್ಟಿ ಯೋಜನೆಗಳಿಗೆ ಕತ್ತರಿ ಹಾಕಿ ಖಜಾನೆ ಉಳಿಸಿಕೊಂಡರು, ನಾವೂ ನೋಡಿ ಕಲಿಯಬೇಕು ಅಂತ. ಅವರ ಮನಸ್ಸಿನಲ್ಲಿದ್ದದ್ದು 2025ರ ಜುಲೈ 4ರಂದು ಟ್ರಂಪ್ ಸಹಿ ಹಾಕಿದ ಆ ದೊಡ್ಡ ಬಜೆಟ್ ಕಾನೂನು. ಆಗ ನಾನು ಅಲ್ಲೇ ಇದ್ದೆ. ಮಿಷಿಗನ್‌ನಲ್ಲಿ ಮಗಳ ಮನೆ. ಮೇ ಮೂರನೇ ವಾರ ಹೋದವನು ನವೆಂಬರ್ ಮಧ್ಯದಲ್ಲಿ ವಾಪಸ್ ಬಂದೆ. ಜೊತೆಗೆ, ಪಡಿತರ ಚೀಟಿ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವನು, ಆಹಾರ ಶಿರಸ್ತೇದಾರನಾಗಿ ನಿವೃತ್ತಿಯಾದವನು. ಓದಿ ಸುಮ್ನೆ ಕೂರಲು ಆಗಲಿಲ್ಲ.

ಮೊದಲು ಖಜಾನೆಯ ಮಾತು. ಉಳಿಯಲಿಲ್ಲ ಸ್ವಾಮಿ. ಅಲ್ಲಿಯ ಸಂಸತ್ತಿಗೆ ಕಾಂಗ್ರೆಸ್ ಅನ್ನುತ್ತಾರೆ (ನಮ್ಮ ಕಾಂಗ್ರೆಸ್ ಅಲ್ಲ, ಟಿ.ವಿ. ಮುಂದೆ ನಾನೂ ಎರಡು ದಿನ ತಬ್ಬಿಬ್ಬಾಗಿದ್ದೆ). ಆ ಕಾಂಗ್ರೆಸ್ಸಿಗೆ ಒಂದು ಬಜೆಟ್ ಕಚೇರಿ ಇದೆ, ಯಾವ ಪಕ್ಷಕ್ಕೂ ಸೇರದ್ದು. ಈ ಕಾನೂನಿನಿಂದ ಹತ್ತು ವರ್ಷದಲ್ಲಿ ಕೊರತೆ 3.4 ಲಕ್ಷ ಕೋಟಿ ಡಾಲರ್ ಹೆಚ್ಚುತ್ತದೆ ಅಂತ ಅದು ಲೆಕ್ಕ ಕೊಟ್ಟಿತು. ಬಡವರ ವೈದ್ಯಕೀಯ ವಿಮೆ ಮೆಡಿಕೇಡ್‌ನಿಂದ ಸುಮಾರು ಒಂದು ಲಕ್ಷ ಕೋಟಿ ಡಾಲರ್ ಕಿತ್ತರು. ಆಹಾರದ ನೆರವು ಸ್ನ್ಯಾಪ್‌ನಿಂದ ಸುಮಾರು 18,600 ಕೋಟಿ ಡಾಲರ್ ಕಿತ್ತರು. ಆದರೂ ಸಾಲ ಏರುತ್ತದೆ! ಯಾಕೆಂದರೆ 2017ರ ತೆರಿಗೆ ಕಡಿತವನ್ನು ಕಾಯಂ ಮಾಡಿ, ಮೇಲೆ ಇನ್ನಷ್ಟು ಸೇರಿಸಿದರು. ಅದೇ ಕಚೇರಿಯ ಇನ್ನೊಂದು ಲೆಕ್ಕ: ತೀರಾ ಕೆಳಗಿನ ಹತ್ತನೇ ಒಂದು ಪಾಲು ಮನೆಗಳಿಗೆ ಸರಾಸರಿ ವರ್ಷಕ್ಕೆ 1,200 ಡಾಲರ್ ನಷ್ಟ, ತೀರಾ ಮೇಲಿನ ಹತ್ತನೇ ಒಂದು ಪಾಲಿಗೆ 13,600 ಡಾಲರ್ ಲಾಭ. ಇದನ್ನು ಉಳಿತಾಯ ಅಂದರೆ ನಮ್ಮ ಖಜಾನೆಯ ಗುಮಾಸ್ತನೂ ನಗುತ್ತಾನೆ.

ಆದರೆ ನಾನು ಬರೆಯಲು ಕೂತದ್ದು ಇದಕ್ಕಲ್ಲ. ಕತ್ತರಿ ಹಾಕಿದ್ದು ಹೇಗೆ ಅನ್ನುವುದು ನನ್ನ ಕಸುಬಿನವರಿಗೆ ಮಾತ್ರ ಚೆನ್ನಾಗಿ ಕಾಣುತ್ತದೆ.

ಬಡವರ ವಿಮೆ ತೆಗೆದುಬಿಡುತ್ತೇವೆ ಅಂತ ಕಾನೂನು ಎಲ್ಲೂ ಹೇಳುವುದಿಲ್ಲ. ಮೆಡಿಕೇಡನ್ನು ಹೆಚ್ಚು ಜನರಿಗೆ ವಿಸ್ತರಿಸಿದ ರಾಜ್ಯಗಳಲ್ಲಿ, ಆ ವಿಸ್ತರಣೆಯಿಂದ ಸೇರಿದ 19ರಿಂದ 64 ವರ್ಷದವರು ಮೆಡಿಕೇಡ್ ಬೇಕಿದ್ದರೆ ತಿಂಗಳಿಗೆ 80 ಗಂಟೆ ದುಡಿದದ್ದನ್ನೋ ಓದಿದ್ದನ್ನೋ ಸೇವೆ ಮಾಡಿದ್ದನ್ನೋ ತೋರಿಸಬೇಕು ಅನ್ನುತ್ತದೆ. ಕಾಯಿಲೆಯವರಿಗೆ, 13 ವರ್ಷದವರೆಗಿನ ಮಕ್ಕಳಿರುವವರಿಗೆ ವಿನಾಯಿತಿ. ಅರ್ಹತೆಯ ತಪಾಸಣೆ ವರ್ಷಕ್ಕೊಂದು ಸಲ ಇದ್ದದ್ದು ವಿಸ್ತರಣೆಯಿಂದ ಸೇರಿದವರಿಗೆ ಆರು ತಿಂಗಳಿಗೊಂದು ಸಲ. ಕೇಳಲು ಎಷ್ಟು ನ್ಯಾಯವಾಗಿದೆ, ಅಲ್ವಾ? ಶಕ್ತಿ ಇದ್ದವರು ದುಡಿಯಲಿ ಅನ್ನುವುದಕ್ಕೆ ನನ್ನದೂ ತಕರಾರಿಲ್ಲ. ಆದರೆ ಅದೇ ಬಜೆಟ್ ಕಚೇರಿ ಹೇಳುವ ಪ್ರಕಾರ 2034ರ ಹೊತ್ತಿಗೆ ವಿಮೆ ಇಲ್ಲದವರು ಒಂದು ಕೋಟಿ ಜಾಸ್ತಿ ಆಗುತ್ತಾರೆ, ಅದರಲ್ಲಿ ಸುಮಾರು ಅರ್ಧ ಈ 80 ಗಂಟೆಯ ಷರತ್ತಿನಿಂದ. ಇವರೆಲ್ಲ ಸೋಮಾರಿಗಳಾ?

ಅರ್ಕನ್ಸಾ ರಾಜ್ಯ 2018ರಲ್ಲಿ ಇದೇ ಷರತ್ತು ಹಾಕಿ ನೋಡಿತ್ತು. ಗಂಟೆಗಳ ಲೆಕ್ಕವನ್ನು ವೆಬ್‌ಸೈಟಿನಲ್ಲಿ ತುಂಬಬೇಕಿತ್ತು. ಆ ವೆಬ್‌ಸೈಟು ರಾತ್ರಿ 9ಕ್ಕೆ ಬಾಗಿಲು ಹಾಕಿ ಬೆಳಿಗ್ಗೆ 7ಕ್ಕೆ ತೆಗೆಯುತ್ತಿತ್ತು! ವೆಬ್‌ಸೈಟಿಗೂ ರಾತ್ರಿ ರಜೆ ಕೊಟ್ಟವರನ್ನು ನಾನು ಬೇರೆಲ್ಲೂ ಕಂಡಿಲ್ಲ. ಕೆಲವೇ ತಿಂಗಳಲ್ಲಿ 18,000ಕ್ಕಿಂತ ಹೆಚ್ಚು ಜನರ ವಿಮೆ ಹೋಯಿತು. 2019ರ ಮಾರ್ಚ್‌ನಲ್ಲಿ ಕೋರ್ಟು ನಿಲ್ಲಿಸಿತು. ಆಮೇಲೆ ಅಧ್ಯಯನ ಮಾಡಿದವರಿಗೆ ಉದ್ಯೋಗ ಹೆಚ್ಚಿದ ಗುರುತು ಸಿಗಲಿಲ್ಲ. ಮಿಷಿಗನ್‌ನಲ್ಲೂ 2020ರ ಜನವರಿಯಲ್ಲಿ ಇಂಥದ್ದೇ ಶುರುವಾಗಿ, ಮಾರ್ಚ್‌ನಲ್ಲಿ ಕೋರ್ಟಿನಲ್ಲಿ ಬಿತ್ತು.

ನನಗೆ ಇದು ಅರ್ಥವಾಗಲು ಅರ್ಕನ್ಸಾ ಬೇಕಿರಲಿಲ್ಲ. ಬೋಗಸ್ ಕಾರ್ಡು ಹುಡುಕುವ ಕಾಲದಲ್ಲಿ ನಾನು ಒಂದು ತಾಲ್ಲೂಕಿನಲ್ಲಿದ್ದೆ. ಕರೆಂಟ್ ಬಿಲ್ಲಿನ ಆರ್.ಆರ್. ನಂಬರ್ ತಂದುಕೊಡಿ ಎಂದು ಎಲ್ಲರಿಗೂ ಹೇಳಿದ್ದೆವು. ಒಬ್ಬ ಅಜ್ಜಿ, ಗುಡಿಸಲಲ್ಲಿ ಮೀಟರೇ ಇಲ್ಲ. ಒಂದು ದಿನ ಬಂದಾಗ ಕಂಪ್ಯೂಟರಿನ ಹುಡುಗ ರಜೆ. ಇನ್ನೊಂದು ದಿನ ಬಂದಾಗ ಪಕ್ಕದ ಮನೆಯ ಬಿಲ್ಲು ತಂದಿದ್ದಳು, ಅದು ನಡೆಯುವುದಿಲ್ಲ ಅಂದೆ. ಮೂರನೇ ಸಲ ಬರಲಿಲ್ಲ. ಬಸ್ ಚಾರ್ಜಿಗೆ ಇರಲಿಲ್ಲವೋ ಏನೋ. ರಿಜಿಸ್ಟರಿನಲ್ಲಿ ‘ದಾಖಲೆ ಹಾಜರುಪಡಿಸಿಲ್ಲ’ ಎಂದು ಬರೆದು ಸಹಿ ಹಾಕಿದೆ. ಬೋಗಸ್ ಕಾರ್ಡುಗಳೂ ಬಹಳ ಸಿಕ್ಕವು, ಇಲ್ಲ ಅನ್ನುವುದಿಲ್ಲ. ಆದರೆ ಜಿಲ್ಲೆಗೆ ಕಳಿಸಿದ ಪಟ್ಟಿಯಲ್ಲಿ ಬೋಗಸ್ಸಿನವನೂ ಅಜ್ಜಿಯೂ ಒಂದೇ ಕಾಲಮ್ಮಿನಲ್ಲಿದ್ದರು. ಅಜ್ಜಿಗೆ ಅಕ್ಕಿ ಕೊಡುವುದಿಲ್ಲ ಅಂತ ಯಾವ ಮಂತ್ರಿಯೂ ಹೇಳಿರಲಿಲ್ಲ.

ಇನ್ನು ಪಕ್ಷಗಳ ಜಗಳ. ಜುಲೈ 3ರಂದು ಕೆಳಮನೆಯಲ್ಲಿ ವಿರೋಧ ಪಕ್ಷವಾದ ಡೆಮಾಕ್ರಟಿಕ್ ನಾಯಕ ಹಕೀಮ್ ಜೆಫ್ರೀಸ್ 8 ಗಂಟೆ 44 ನಿಮಿಷ ಮಾತಾಡಿದರು, ಆ ಸದನದ ದಾಖಲೆ. ನಾನು ಕಾಫಿ ಕುಡಿಯುವಾಗಲೂ ಮಾತಾಡುತ್ತಿದ್ದರು, ಸ್ನಾನ ಮಾಡಿ ತಿಂಡಿ ತಿಂದು ಬಂದಾಗಲೂ ಮಾತಾಡುತ್ತಿದ್ದರು. ಅದರಿಂದ ಒಂದು ಮತವೂ ಬದಲಾದಂತೆ ಕಾಣಲಿಲ್ಲ. ಮಸೂದೆ 218–214ರಲ್ಲಿ ಪಾಸಾಯಿತು. ನಮ್ಮ ಬೆಳಗಾವಿಯಲ್ಲಿ ಬೆಳೆದ ಶ್ರೀ ಥಾಣೇದಾರ್ ಡೆಟ್ರಾಯಿಟ್ ಕಡೆಯ ಡೆಮಾಕ್ರಟಿಕ್ ಸಂಸದರು, ಅವರು ವಿರೋಧಿಸಿದರು. ಎರಡು ದಿನ ಮುಂಚೆ ಮೇಲ್ಮನೆ ಸೆನೆಟ್‌ನಲ್ಲಿ 50–50 ಆಗಿ, ಉಪಾಧ್ಯಕ್ಷ ವ್ಯಾನ್ಸ್ ಬಂದು ತಮ್ಮ ಒಂದು ಮತ ಹಾಕಬೇಕಾಯಿತು. ಟಿಲ್ಲಿಸ್, ರ‍್ಯಾಂಡ್ ಪಾಲ್, ಕಾಲಿನ್ಸ್ ಎಂಬ, ಟ್ರಂಪ್ ಪಕ್ಷದ ಮೂವರು ರಿಪಬ್ಲಿಕನ್ನರೇ ಬೇಡ ಅಂದಿದ್ದರು. ಅದೇ ಪಕ್ಷದ ಮಿಸೌರಿಯ ಸೆನೆಟರ್ ಜೋಶ್ ಹಾಲಿ ಮಾತ್ರ, ಮೇ ತಿಂಗಳಲ್ಲಿ ಮೆಡಿಕೇಡ್ ಮುಟ್ಟಬೇಡಿ ಎಂದು ಪತ್ರಿಕೆಯಲ್ಲಿ ಬರೆದು, ಜುಲೈನಲ್ಲಿ ಪರವಾಗಿ ಮತ ಹಾಕಿದರು. ಇಂಥವರನ್ನು ನೋಡಲು ನಾವು ವಿಮಾನ ಹತ್ತಬೇಕಾಗಿರಲಿಲ್ಲ.

ತಾರೀಖುಗಳನ್ನು ನೋಡಿ. ಇದೇ ಕಾನೂನಿನಲ್ಲಿರುವ, ಟಿಪ್ಸ್ ಮೇಲಿನ ತೆರಿಗೆ ರಿಯಾಯಿತಿ 2025ರ ಆದಾಯಕ್ಕೇ ಸಿಗುತ್ತದೆ. 80 ಗಂಟೆಯ ಷರತ್ತು ಮೆಡಿಕೇಡ್ ವಿಸ್ತರಿಸಿದ ರಾಜ್ಯಗಳಿಗೆ ಕಡ್ಡಾಯವಾಗುವುದು 2027ರ ಜನವರಿಗೆ. ನಡುವೆ 2026ರ ನವೆಂಬರ್‌ನಲ್ಲಿ ಚುನಾವಣೆ. ಸಿಹಿ ಮೊದಲು, ಕಷಾಯ ಓಟು ಹಾಕಿದ ಮೇಲೆ.

ಡೆಮಾಕ್ರಟಿಕ್‌ನವರನ್ನೂ ಸುಮ್ನೆ ಬಿಡುವ ಹಾಗಿಲ್ಲ. 2025ರ ಅಕ್ಟೋಬರ್ 1ರಿಂದ ನವೆಂಬರ್ 12ರವರೆಗೆ 43 ದಿನ ಸರ್ಕಾರವೇ ಬಂದ್ ಆಯಿತು. ಸ್ವಂತವಾಗಿ ವಿಮೆ ಕೊಳ್ಳುವವರಿಗೆ ಕೊಡುವ ಸಹಾಯಧನ ಮುಂದುವರಿಸದೆ ಖರ್ಚಿನ ಮಸೂದೆಗೆ ಒಪ್ಪುವುದಿಲ್ಲ ಅಂತ ಇವರು, ಮೊದಲು ಬಾಗಿಲು ತೆಗೆಯಿರಿ ಅಂತ ರಿಪಬ್ಲಿಕನ್ನರು. ಬಡವರಿಗಾಗಿ ನಡೆದ ಆ ಜಗಳದಲ್ಲೇ ನವೆಂಬರ್ ಶುರುವಿನಲ್ಲಿ ಬಡವರ ಸ್ನ್ಯಾಪ್ ದುಡ್ಡು ನಿಂತಿತು.

ಅಲ್ಲಿರುವ ನಮ್ಮವರ ವಿಷಯ ಬರೆಯಲು ಸ್ವಲ್ಪ ಮುಜುಗರ. ಜೂನ್‌ನಲ್ಲಿ ಒಂದು ಗೃಹಪ್ರವೇಶಕ್ಕೆ ಹೋಗಿದ್ದೆ. ಎಲೆ ಮುಂದೆ ಕೂತವರೆಲ್ಲ ಈ ಮಸೂದೆಯ ಬಗ್ಗೆಯೇ ಮಾತಾಡುತ್ತಿದ್ದರು. ಆದರೆ ಮೆಡಿಕೇಡ್ ಅಲ್ಲ, ಊರಿಗೆ ದುಡ್ಡು ಕಳಿಸಿದರೆ ಶೇ 3.5 ತೆರಿಗೆಯಂತೆ ಅನ್ನುವುದೊಂದೇ ಚಿಂತೆ. ಕೊನೆಗೆ ಅದು ಶೇ 1ಕ್ಕೆ ಇಳಿಯಿತು, ಅದೂ ನಗದು, ಮನಿ ಆರ್ಡರ್ ಥರದ್ದಕ್ಕೆ ಮಾತ್ರ. ಬ್ಯಾಂಕ್ ಖಾತೆಯಿಂದ ಕಳಿಸುವವರಿಗೆ ಇಲ್ಲ. ಆಮೇಲೆ ಆ ಮಸೂದೆಯ ಸುದ್ದಿ ಎತ್ತಿದವರನ್ನು ನಾನು ನೋಡಲಿಲ್ಲ.

ಮೊಮ್ಮಗನ ಶಾಲಾ ಬಸ್ಸು ಓಡಿಸುವ ಹೆಂಗಸು ಅದೇ ಬೀದಿಯ ಕೊನೆಯಲ್ಲಿದ್ದಾಳೆ. 15 ವರ್ಷದ ಮಗ, ಗಂಡ ಇಲ್ಲ. ಅವಳಿಗೆ ಮೆಡಿಕೇಡ್ ಇದೆ. ಸ್ನ್ಯಾಪ್ ಕಾರ್ಡೂ ಇದೆ, ಆ ರಾಜ್ಯದಲ್ಲಿ ಬ್ರಿಜ್ ಕಾರ್ಡ್ ಅನ್ನುತ್ತಾರೆ. ದಿನಕ್ಕೆ ನಾಲ್ಕು ಗಂಟೆ ಕೆಲಸ, ಶಾಲೆ ಪೂರ್ತಿ ನಡೆದ ತಿಂಗಳು 80 ದಾಟುತ್ತದೆ. ಕ್ರಿಸ್ಮಸ್ ರಜೆಯಲ್ಲಿ ದಾಟುವುದಿಲ್ಲ, ಬೇಸಿಗೆಯಲ್ಲಿ ಸೊನ್ನೆ. ಗಂಟೆ ಸಾಲದಿದ್ದರೆ ತಿಂಗಳಿಗೆ 580 ಡಾಲರ್ ಆದಾಯ ತೋರಿಸಿದರೂ ಆಗುತ್ತದೆ, ಹಂಗಾಮಿ ಕೆಲಸದವರಿಗೆ ಆರು ತಿಂಗಳ ಸರಾಸರಿ ಹಿಡಿಯುವ ದಾರಿಯೂ ಇದೆ. ಅಂದರೆ ಕಾನೂನಿನ ಪ್ರಕಾರ ಆಕೆ ಪಾಸ್. ಕಾಗದದ ಪ್ರಕಾರ ಪಾಸಾಗುತ್ತಾಳಾ ಅನ್ನುವುದು ಕೌಂಟರಿನಲ್ಲಿ ಕೂತವರ ಮೇಲಿದೆ.

ಬರಬೇಕಾದ ದಿನ ದುಡ್ಡು ಬಾರದೆ ಕಾರ್ಡು ಖಾಲಿ ಇದ್ದಾಗ ಮಗಳು ಅವಳ ಮನೆಗೆ ಅಕ್ಕಿ, ಬೇಳೆ, ಒಂದು ಡಬ್ಬಿ ಬಿಸಿಬೇಳೆಬಾತ್ ಕೊಟ್ಟುಬರಲು ಹೊರಟಳು. ನಾನೂ ಹೋದೆ. ಅಡುಗೆಮನೆಯ ಮೇಜಿನ ಮೇಲೆ ಒಂದು ಬಿಸ್ಕತ್ತಿನ ಡಬ್ಬ, ಅದರ ತುಂಬಾ ಸಂಬಳದ ಚೀಟಿಗಳು. ಈಗಿನಿಂದಲೇ ಎತ್ತಿಡುತ್ತಿದ್ದೇನೆ ಅಂದಳು. ನಾನು ಚೀಟಿಗಳನ್ನು ತಿಂಗಳವಾರು ಜೋಡಿಸಿ, ಪ್ರತಿಯೊಂದಕ್ಕೂ ಎರಡು ನಕಲು ತೆಗೆದಿಡಿ, ಯಾರಾದರೂ ತೆಗೆದುಕೊಂಡರೆ ತಾರೀಖು ಹಾಕಿಸಿ ಸಹಿ ಮಾಡಿಸಿಕೊಳ್ಳಿ ಎಂದೆ. ಇದೆಲ್ಲ ನಿಮಗೆ ಹೇಗೆ ಗೊತ್ತು ಎಂದು ಕೇಳಿದಳು. ಮಗಳು ನನ್ನ ನೌಕರಿಯ ವಿಷಯ ಹೇಳಿದಳು.

ಆಕೆ ಡಬ್ಬ ಮುಚ್ಚುತ್ತಾ, ‘ಓ, ಹಾಗಾದರೆ ನೀವು ಕೌಂಟರಿನ ಆ ಕಡೆಯವರು’ ಅಂದಳು.

– ನಿವೃತ್ತ ಆಹಾರ ಶಿರಸ್ತೇದಾರ, ದಾವಣಗೆರೆ